ಕೋಡಿಯಿಲ್ಲದ ಕೊಳ: ವಾಲ್ಡನ್ ಸರೋವರದ ನೀರಿನ ಲೆಕ್ಕ

ಹೊಸ ಊರಿನ ಕೆರೆಯ ಮುಂದೆ ನಿಂತಾಗ ನಮ್ಮ ಕಡೆಯವರ ಕಣ್ಣು ತಾನಾಗಿಯೇ ಕೆಲವನ್ನು ಹುಡುಕುತ್ತದೆ. ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಕಡೆ ಹರಿಯುತ್ತದೆ? ನೀರು ತರುವ ಹಳ್ಳವೂ ಹೆಚ್ಚಾದ ನೀರು ಹೋಗುವ ದಾರಿಯೂ ಸಿಕ್ಕಿದರೆ ಕೆರೆ ಅರ್ಥವಾದಂತೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಡನ್ ಸರೋವರದ ದಡದಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ಬಾಸ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕಾನ್‌ಕರ್ಡ್ ಎಂಬ ಊರಿನ ಪಕ್ಕದ ಕಾಡಿನ ನಡುವೆ ಈ ಸರೋವರವಿದೆ. ಅದರ ಸುತ್ತಲೂ ನಡೆದು ಬಂದರೂ ಒಳಗೆ ಬರುವ ಒಂದು ಹಳ್ಳವಾಗಲಿ, ಹೊರಗೆ ಹೋಗುವ ಒಂದು ತೊರೆಯಾಗಲಿ ಕಾಣುವುದಿಲ್ಲ. ಏರಿಯಂತೂ ಇಲ್ಲವೇ ಇಲ್ಲ. ಪೈನ್ ಮತ್ತು ಓಕ್ ಮರಗಳು ತುಂಬಿದ ಕಡಿದಾದ ದಿಬ್ಬಗಳು, ಅವುಗಳ ಬುಡದಲ್ಲಿ ಬಿಳಿಚಿದ ಕಲ್ಲಿನ ಅಂಚು, ಆಮೇಲೆ ನೀರು.

ವಿಸ್ತಾರದಲ್ಲಿ ಅದು ದೊಡ್ಡದೇನೂ ಅಲ್ಲ. ಸುಮಾರು 61 ಎಕರೆ, ಅಂದರೆ 25 ಹೆಕ್ಟೇರ್. ನಮ್ಮ ಒಂದು ಸಾಧಾರಣ ಹಳ್ಳಿಯ ಕೆರೆಯ ಅಳತೆ. ಆದರೆ ಆಳ 31 ಮೀಟರ್. ಹತ್ತು ಅಂತಸ್ತಿನ ಕಟ್ಟಡವೊಂದನ್ನು ಒಳಗೆ ಇಳಿಸಿದರೆ ಬಹುಪಾಲು ಮುಳುಗಿಬಿಡುತ್ತದೆ. ಮ್ಯಾಸಚೂಸೆಟ್ಸ್‌ನ ಅತ್ಯಂತ ಆಳವಾದ ನೈಸರ್ಗಿಕ ಸರೋವರಗಳ ಸಾಲಿನಲ್ಲಿ ಇದರ ಹೆಸರಿದೆ.

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಆಳ ಹೇಗೆ ಬಂತು? ಹಳ್ಳವಿಲ್ಲದೆ ನೀರು ಹೇಗೆ ತುಂಬಿತು? ಕೋಡಿಯಿಲ್ಲದೆ ಅದು ಕೊಳೆಯದೆ ಹೇಗೆ ಉಳಿಯಿತು? ದಡದ ಆ ಬೋಳು ಅಂಚು ಯಾರು ಕಡಿದದ್ದು? ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಇವಕ್ಕೆಲ್ಲ ಉತ್ತರ ಒಂದೇ ಕಡೆ ಇದೆ. ವಾಲ್ಡನ್ ಕೆರೆಯಂತೆ ಕಾಣುವ ಒಂದು ಬಾವಿ. ಆ ಬಾವಿಯನ್ನು ತೋಡಿದ್ದು ಮಂಜುಗಡ್ಡೆ.

ಮರಳಿನಲ್ಲಿ ಹೂತ ಗಡ್ಡೆ

ಹಿಮನದಿಯ ಸರೋವರ ಎಂದರೆ ನಮಗೆ ಮೊದಲು ನೆನಪಾಗುವುದು ಹಿಮಾಲಯ. 2023ರ ಅಕ್ಟೋಬರ್ ಮೊದಲ ವಾರ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರ ಒಡೆದು ತೀಸ್ತಾ ನದಿಗೆ ನುಗ್ಗಿ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದದ್ದನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಹಿಮನದಿ ಇನ್ನೂ ಜೀವಂತವಾಗಿದೆ. ತಾನೇ ತಳ್ಳಿ ತಂದ ಕಲ್ಲುಮಣ್ಣಿನ ಸಡಿಲ ಒಡ್ಡಿನ ಹಿಂದೆ ಕರಗಿದ ನೀರನ್ನು ಕೂಡಿಡುತ್ತಿದೆ. ವಾಲ್ಡನ್ ಬೇರೆ ಬಗೆಯದು. ಅದನ್ನು ಹುಟ್ಟಿಸಿದ ಹಿಮ ಸಾವಿರಾರು ವರ್ಷಗಳ ಹಿಂದೆಯೇ ಕಾಣೆಯಾಗಿದೆ. ಸುತ್ತ ನೂರಾರು ಮೈಲಿ ಹುಡುಕಿದರೂ ಈಗ ಒಂದು ಹಿಮನದಿಯೂ ಸಿಗುವುದಿಲ್ಲ.

ಕಳೆದ ಹಿಮಯುಗದ ಉತ್ತುಂಗದಲ್ಲಿ ಕೆನಡಾದ ಬಹುಭಾಗವನ್ನು ಮುಚ್ಚಿ ದಕ್ಷಿಣಕ್ಕೆ ಚಾಚಿಕೊಂಡಿದ್ದ ಲಾರೆಂಟೈಡ್ ಹಿಮಹಾಸಿನ ಅಂಚು ಈಗಿನ ಕೇಪ್ ಕಾಡ್ ಮತ್ತು ಲಾಂಗ್ ಐಲೆಂಡ್‌ವರೆಗೆ ಬಂದಿತ್ತು. ಕಾನ್‌ಕರ್ಡ್ ಇರುವ ಜಾಗದ ಮೇಲೆ ಆಗ ಒಂದು ಕಿಲೋಮೀಟರಿಗಿಂತ ದಪ್ಪದ ಮಂಜುಗಡ್ಡೆ ಕೂತಿತ್ತು. ಹವೆ ಬಿಸಿಯಾಗುತ್ತ ಬಂದಂತೆ ಈ ಹಾಸು ಉತ್ತರಕ್ಕೆ ಸರಿಯಿತು. ಸರಿಯಿತು ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಹಿಮ ಎದ್ದು ಹಿಂದಕ್ಕೆ ನಡೆಯುವುದಿಲ್ಲ. ಅಂಚಿನಲ್ಲಿ ಕರಗುತ್ತದೆ, ಬಿರಿಯುತ್ತದೆ, ತುಂಡುತುಂಡಾಗುತ್ತದೆ. ಸುಮಾರು ಹದಿನೈದು ಸಾವಿರ ವರ್ಷಗಳ ಹಿಂದೆ ಹಾಗೆ ಮುರಿದುಬಿದ್ದ ದೊಡ್ಡ ದೊಡ್ಡ ತುಂಡುಗಳು ಕಾನ್‌ಕರ್ಡ್ ಸುತ್ತಮುತ್ತ ನೆಲದ ಮೇಲೆ ಉಳಿದುಕೊಂಡವು. ಕರಗಿದ ನೀರೆಲ್ಲ ಹಿಮದ ಗೋಡೆಗೂ ಗುಡ್ಡಗಳಿಗೂ ನಡುವೆ ತಂಗಿ ಅಲ್ಲಿ ಆಗ ಒಂದು ದೊಡ್ಡ ಸರೋವರವೇ ಇತ್ತು. ಭೂವಿಜ್ಞಾನಿಗಳು ಅದನ್ನು ಹಿಮಯುಗದ ಸಡ್‌ಬರಿ ಸರೋವರ ಎಂದು ಕರೆಯುತ್ತಾರೆ. ಹಿಮದ ಒಡಲಿನಿಂದ ಭೋರ್ಗರೆದು ಬಂದ ತೊರೆಗಳು ಮರಳನ್ನೂ ನುರುಜುಗಲ್ಲನ್ನೂ ಹೊತ್ತು ತಂದು ಈ ಸರೋವರದ ಅಂಚಿನಲ್ಲಿ ಸುರಿದವು. ನದಿ ಕಡಲು ಸೇರುವಲ್ಲಿ ಮುಖಜಭೂಮಿ ಕಟ್ಟುವಂತೆ ಇಲ್ಲಿಯೂ ಮರಳಿನ ದಿಣ್ಣೆಗಳು ಬೆಳೆದವು. ಬೆಳೆಯುತ್ತ ಬೆಳೆಯುತ್ತ ಅವು ಬಿದ್ದಿದ್ದ ಗಡ್ಡೆಗಳ ಸುತ್ತಲೂ ಮೇಲೂ ಕವಿದುಕೊಂಡವು.

ಹೂತುಹೋದ ಮಂಜುಗಡ್ಡೆ ತಕ್ಷಣ ಕರಗುವುದಿಲ್ಲ. ಜಾತ್ರೆಗಳಲ್ಲಿ ಐಸ್ ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿ, ಬೇಸಿಗೆಯ ಮಧ್ಯಾಹ್ನದಲ್ಲೂ ಉಳಿಸಿಕೊಳ್ಳುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿ ಒಳಗೆ ಹೋಗಲು ಹೊಟ್ಟು ಬಿಡುವುದಿಲ್ಲ. ಅದೇ ಕೆಲಸವನ್ನು ಅಲ್ಲಿ ಮರಳು ಮಾಡಿತು. ಸುತ್ತಲಿನ ನೆಲ ಬಯಲಾಗಿ, ಗಾಳಿ ಬೆಚ್ಚಗಾದ ಮೇಲೂ ಮರಳಿನ ಕೆಳಗೆ ಆ ಗಡ್ಡೆ ಬಹುಕಾಲ ಉಳಿಯಿತು. ಕೊನೆಗೆ ಅದು ಕರಗಿದಾಗ ಮೇಲಿದ್ದ ಮರಳಿಗೆ ಆಧಾರವಿಲ್ಲದಂತಾಯಿತು. ಮರಳು ಕುಸಿದು ಗಡ್ಡೆಯ ಆಕಾರದ್ದೇ ಒಂದು ಗುಂಡಿ ಉಳಿಯಿತು.

ಇಂಥ ಗುಂಡಿಗೆ ಇಂಗ್ಲಿಷಿನಲ್ಲಿ ಕೆಟಲ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಮಾತಿದೆ ಎಂದು ನನಗೆ ಅನಿಸುತ್ತದೆ: ಹಂಡೆ. ಬಚ್ಚಲುಮನೆಯ ತಾಮ್ರದ ಹಂಡೆಯ ಹಾಗೆ ಕಡಿದಾದ ಪಕ್ಕೆಗಳು, ಬಾಯಿಯ ಅಗಲಕ್ಕೆ ಹೋಲಿಸಿದರೆ ಆಳವಾದ ಹೊಟ್ಟೆ. ನದಿ ಕೊರೆದ ಕಣಿವೆಯಾಗಿದ್ದರೆ ಉದ್ದಕ್ಕೆ ಇಳಿಜಾರಾಗಿರುತ್ತಿತ್ತು, ಒಂದು ತುದಿಯಲ್ಲಿ ಬಾಯಿ ತೆರೆದಿರುತ್ತಿತ್ತು. ಒಡ್ಡು ಕಟ್ಟಿದ ಕೆರೆಯಾಗಿದ್ದರೆ ಏರಿಯ ಬಳಿ ಆಳವಾಗಿ, ಹಿನ್ನೀರಿನ ಕಡೆ ತೆಳುವಾಗಿರುತ್ತಿತ್ತು. ಹಂಡೆಗೆ ಎಲ್ಲ ಕಡೆಯೂ ಗೋಡೆ. ಹಳ್ಳ ಬರಲೂ ದಾರಿಯಿಲ್ಲ, ಕೋಡಿ ಹರಿಯಲೂ ತಗ್ಗಿಲ್ಲ. ವಾಲ್ಡನ್‌ನ ತಳದಲ್ಲಿ ಪಕ್ಕಪಕ್ಕದಲ್ಲೇ ಇರುವ ಮೂರು ತಗ್ಗುಗಳಿವೆ. ಕರಗಿದ ಹಿಮ ಒಂದೇ ಸಮನಾದ ತುಂಡಾಗಿರಲಿಲ್ಲ ಎಂಬುದಕ್ಕೆ ಅವೇ ಗುರುತು. ಸುತ್ತಮುತ್ತಲಿನ ಗೂಸ್ ಕೊಳ, ವೈಟ್ ಕೊಳಗಳೂ ಇದೇ ಕುಲಕ್ಕೆ ಸೇರಿದವು.

ತಳವಿಲ್ಲವೆಂಬ ನಂಬಿಕೆ

ವಾಲ್ಡನ್‌ಗೆ ತಳವೇ ಇಲ್ಲ ಎಂದು ಆ ಊರಿನವರು ಬಹಳ ಕಾಲ ನಂಬಿದ್ದರು. ನಮ್ಮಲ್ಲಿಯೂ ಏಳು ಮಂಚದ ಹಗ್ಗ ಇಳಿಸಿದರೂ ತಳ ಸಿಗದ ಮಡುಗಳ ಕಥೆಗಳು ಊರೂರಿನಲ್ಲಿವೆ. ಅಲ್ಲಿನ ಕಥೆಗೆ ಕೊನೆ ಹಾಡಿದವನು ಹೆನ್ರಿ ಡೇವಿಡ್ ಥೋರೊ. 1845ರ ಜುಲೈನಿಂದ 1847ರ ಸೆಪ್ಟೆಂಬರ್‌ವರೆಗೆ ಈ ದಡದ ಒಂದು ಸಣ್ಣ ಮನೆಯಲ್ಲಿ ವಾಸವಿದ್ದ ಆತನನ್ನು ಜಗತ್ತು ಚಿಂತಕನೆಂದು ನೆನೆಯುತ್ತದೆ. ಹೊಟ್ಟೆಪಾಡಿಗೆ ಮಾತ್ರ ಆತ ಭೂಮಾಪನ ಮಾಡುತ್ತಿದ್ದ. ಸರಪಳಿ, ದಿಕ್ಸೂಚಿ ಆತನ ಕೈಗೆ ಒಗ್ಗಿದ ಉಪಕರಣಗಳು.

1846ರ ಚಳಿಗಾಲದ ಕೊನೆಯಲ್ಲಿ, ಹೆಪ್ಪುಗಟ್ಟಿದ ನೀರು ಇನ್ನೂ ಒಡೆಯುವ ಮೊದಲು, ಥೋರೊ ಸರೋವರದ ಮೇಲೆಯೇ ನಡೆದಾಡಿ ಮಂಜಿನಲ್ಲಿ ತೂತು ಕೊರೆದು ಆಳ ನೋಡಿದ. ಮೀನು ಹಿಡಿಯುವ ದಾರ, ಅದರ ತುದಿಗೆ ಮುಕ್ಕಾಲು ಕಿಲೋದಷ್ಟು ತೂಕದ ಒಂದು ಕಲ್ಲು. ಕಲ್ಲು ತಳ ಮುಟ್ಟಿದಾಗ ದಾರ ಸಡಿಲಾಗುತ್ತದೆ. ಮತ್ತೆ ಎತ್ತುವಾಗ ಕಲ್ಲಿನಡಿ ನೀರು ನುಗ್ಗುವವರೆಗೂ ಕೈಗೆ ಹೆಚ್ಚು ಭಾರ ತಾಗುತ್ತದೆ. ಆ ಭಾರದ ವ್ಯತ್ಯಾಸದಿಂದಲೇ ತಳ ಎಲ್ಲಿ ಎಂದು ಖಚಿತವಾಗಿ ತಿಳಿಯುತ್ತದೆ. ನೂರಕ್ಕೂ ಹೆಚ್ಚು ಜಾಗಗಳಲ್ಲಿ ಹೀಗೆ ಅಳೆದು ನಕ್ಷೆ ಬರೆದ. ಅತಿ ಹೆಚ್ಚಿನ ಆಳ 102 ಅಡಿ ಎಂದು ದಾಖಲಿಸಿದ. 1939ರಲ್ಲಿ ಎಡ್ವರ್ಡ್ ಡೀವಿ ಎಂಬ ಸರೋವರ ವಿಜ್ಞಾನಿ ಇಲ್ಲಿ ಅಧ್ಯಯನ ನಡೆಸಿದಾಗಲೂ, ಆಮೇಲಿನ ವಿದ್ಯುನ್ಮಾನ ಉಪಕರಣಗಳ ಕಾಲದಲ್ಲೂ ಆ ಅಂಕೆ ಬಹುಮಟ್ಟಿಗೆ ಹಾಗೆಯೇ ನಿಂತಿತು. ಒಂದು ದಾರ, ಒಂದು ಕಲ್ಲು, ಬೇಸರಪಡದ ಒಬ್ಬ ಮನುಷ್ಯ: ಒಳ್ಳೆಯ ವಿಜ್ಞಾನಕ್ಕೆ ಇಷ್ಟು ಸಾಕಾಗುವ ಸಂದರ್ಭಗಳಿರುತ್ತವೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿಷಯ.

ನಕ್ಷೆ ಬರೆದ ಮೇಲೆ ಆತ ಇನ್ನೊಂದನ್ನು ಗಮನಿಸಿದ. ಸರೋವರದ ಅತಿ ಉದ್ದದ ಗೆರೆಯೂ ಅತಿ ಅಗಲದ ಗೆರೆಯೂ ಒಂದನ್ನೊಂದು ಕತ್ತರಿಸುವ ಜಾಗದಲ್ಲೇ ಅತಿ ಆಳದ ಬಿಂದು ಇತ್ತು. ಎಲ್ಲ ಸರೋವರಗಳಿಗೂ ಇದು ಅನ್ವಯಿಸುತ್ತದೆಯೇ ಎಂದು ಪಕ್ಕದ ಕೊಳದಲ್ಲಿಯೂ ಪರೀಕ್ಷಿಸಿದ. ಇದು ಎಲ್ಲೆಡೆ ನಿಲ್ಲುವ ನಿಯಮವಲ್ಲ. ನದಿ ಕಟ್ಟಿದ ಜಲಾಶಯದಲ್ಲಿ ಅತಿ ಆಳ ಅಣೆಕಟ್ಟಿನ ಬುಡದಲ್ಲಿರುತ್ತದೆ. ಹಂಡೆಯಂಥ ಗುಂಡಿಯಲ್ಲಿ ಮಾತ್ರ ಹೀಗೆ ಹೊಂದಿಕೆಯಾಗುವ ಸಂಭವ ಹೆಚ್ಚು. ಹೂತ ಗಡ್ಡೆಯ ವಿಷಯವನ್ನು ತಿಳಿಯದೆಯೇ ಥೋರೊ ಅದರ ಅಚ್ಚನ್ನು ಕಾಗದದ ಮೇಲೆ ಇಳಿಸಿದ್ದ.

ಜಲದ ಕಣ್ಣು

ಈಗ ನೀರಿನ ವಿಷಯಕ್ಕೆ ಬರೋಣ. ಬಾವಿ ತೋಡುವವರು ಜಲದ ಕಣ್ಣು ಎಂಬ ಮಾತನ್ನು ಬಳಸುತ್ತಾರೆ. ಪಕ್ಕೆಯಿಂದಲೋ ತಳದಿಂದಲೋ ಒರತೆ ಒಡೆಯುವ ಜಾಗ ಅದು. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿಯ ಕಡೆ ಇರುವ ತಲಪರಿಗೆಗಳಲ್ಲಿ ಮರಳಿನ ಪದರದಿಂದ ನೀರು ತಾನಾಗಿ ಒಸರುತ್ತದೆ. ವಾಲ್ಡನ್‌ನಲ್ಲಿ ಇದೇ ಕ್ರಿಯೆ ಇಡೀ ದಡದ ಉದ್ದಕ್ಕೂ ನಡೆಯುತ್ತದೆ. ಮರಳಿನ ದಿಬ್ಬದ ಒಳಗೆ ಅಂತರ್ಜಲ ಒಂದು ಮಟ್ಟದಲ್ಲಿ ನಿಂತಿದೆ. ಹಿಮ ಬಿಟ್ಟುಹೋದ ಗುಂಡಿ ಆ ಮಟ್ಟಕ್ಕಿಂತ ಕೆಳಗಿಳಿದಿದೆ. ಹಾಗಾಗಿ ನಮಗೆ ಕಾಣುವ ಸರೋವರದ ಮೇಲ್ಮೈ ಎಂದರೆ ಹೊರಗೆ ಕಾಣಿಸಿಕೊಂಡ ಅಂತರ್ಜಲವೇ.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಾಲ್ಡನ್‌ನ ಜಮಾಖರ್ಚನ್ನು ಲೆಕ್ಕ ಹಾಕಿದ್ದಾರೆ. ಒಳಗೆ ಬರುವ ನೀರಿನಲ್ಲಿ ನೂರಕ್ಕೆ 55 ಪಾಲು ನೇರವಾಗಿ ಮೇಲೆ ಬೀಳುವ ಮಳೆ ಮತ್ತು ಹಿಮ. ಉಳಿದ 45 ಪಾಲು ಅಂತರ್ಜಲ. ಹೊರಗೆ ಹೋಗುವುದರಲ್ಲಿ ಆವಿಯಾಗುವುದು 26 ಪಾಲು. 74 ಪಾಲು ಮತ್ತೆ ನೆಲದೊಳಕ್ಕೆ ಇಂಗುತ್ತದೆ. ಪೂರ್ವದ ದಡದಿಂದ ಅಂತರ್ಜಲ ಒಳಬರುತ್ತದೆ, ಪಶ್ಚಿಮದ ದಡದ ಮರಳಿನಲ್ಲಿ ಸರೋವರದ ನೀರು ಹೊರಟುಹೋಗುತ್ತದೆ. ಹೊಳೆಯೊಂದು ಹರಿಯುತ್ತಲೇ ಇದೆ, ಆದರೆ ನೆಲದ ಕೆಳಗೆ. ಕೋಡಿಯೂ ಇದೆ ಎನ್ನಬೇಕು, ಆದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಅಂಕೆಗಳನ್ನು ಇನ್ನೊಮ್ಮೆ ನೋಡಿದರೆ ಒಂದು ಸುಂದರವಾದ ಸಂಗತಿ ಹೊಳೆಯುತ್ತದೆ. ನೆಲದಿಂದ ಪಡೆಯುವುದು 45 ಪಾಲು, ನೆಲಕ್ಕೆ ಹಿಂದಿರುಗಿಸುವುದು 74 ಪಾಲು. ಅಲ್ಲಿ ಮಳೆ ನಮ್ಮ ಮುಂಗಾರಿನಂತೆ ನಾಲ್ಕು ತಿಂಗಳಿನಲ್ಲಿ ಸುರಿದು ಮುಗಿಯುವುದಿಲ್ಲ. ಹನ್ನೆರಡು ತಿಂಗಳೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಬಿಸಿಲಿನ ಹೊಡೆತವೂ ನಮ್ಮಷ್ಟಿಲ್ಲ. ಆಕಾಶ ಕೊಡುವ ನೀರು ಆವಿಯಾಗಿ ಹೋಗುವುದರ ಎರಡು ಪಟ್ಟು ಇದೆ. ಆ ಉಳಿತಾಯವನ್ನೆಲ್ಲ ವಾಲ್ಡನ್ ಅಂತರ್ಜಲಕ್ಕೆ ಜಮಾ ಮಾಡುತ್ತದೆ. ಇಂಗುಗುಂಡಿ ತೋಡಿ ಮಳೆನೀರು ಇಳಿಸಲು ನಾವು ಪಡುವ ಪಾಡನ್ನು ನೆನೆದರೆ, ಹಿಮಯುಗ ಅಲ್ಲಿನವರಿಗೆ ಎಂಥ ದೊಡ್ಡ ಇಂಗುಗುಂಡಿಯನ್ನು ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ.

ಒಂದು ಹನಿ ನೀರು ಸರೋವರವನ್ನು ಸೇರಿ ಹೊರಗೆ ಹೋಗಲು ಸರಾಸರಿ ಐದು ವರ್ಷ ಬೇಕು. ಈ ಐದು ವರ್ಷವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ನೀರು ಅಂತರ್ಜಲವೇ ಆದ್ದರಿಂದ ಅದರ ಏರಿಳಿತಕ್ಕೂ ಬಾವಿಯ ಗುಣವೇ ಬಂದಿದೆ. ಜೋರು ಮಳೆ ಬಂದ ಮರುದಿನ ವಾಲ್ಡನ್ ಉಕ್ಕುವುದಿಲ್ಲ. ಇಳಿಜಾರಿನ ಮೇಲೆ ಬಿದ್ದ ನೀರು ಹರಿದು ಬರುವ ಬದಲು ಮರಳಿನಲ್ಲಿ ಇಳಿದುಹೋಗುತ್ತದೆ. ನೆಲದೊಳಗಿನ ಮಟ್ಟ ನಿಧಾನವಾಗಿ ಏರಿದಾಗ ಸರೋವರವೂ ಏರುತ್ತದೆ. ಹಾಗಾಗಿ ಮಳೆಯ ವರ್ಷಗಳೂ ಬರದ ವರ್ಷಗಳೂ ಇಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತವೆ. ಥೋರೊ ಅಲ್ಲಿ ವಾಸವಿದ್ದಾಗಿನ ಮಟ್ಟಕ್ಕಿಂತ 1852ರ ಬೇಸಿಗೆಯಲ್ಲಿ ನೀರು ಐದು ಅಡಿ ಮೇಲಕ್ಕೆ ಬಂದಿತ್ತು. ತೊರೆಗಳು ತುಂಬಿ ಹರಿದದ್ದಕ್ಕೂ ಸರೋವರ ಏರಿದ್ದಕ್ಕೂ ನೇರ ಸಂಬಂಧ ಕಾಣದೆ ಅಲ್ಲಿನವರು ತಲೆ ಕೆರೆದುಕೊಳ್ಳುತ್ತಿದ್ದರು. ಬೇಸಾಯದ ಬಾವಿಯ ನೀರಿನ ಮಟ್ಟ ನೋಡಿ ಬದುಕಿದ ನಮ್ಮ ರೈತರಿಗಾದರೆ ಅದು ತಟ್ಟನೆ ಅರ್ಥವಾಗುತ್ತಿತ್ತು.

ಕಾಡು ಎಲ್ಲಿ ನಿಲ್ಲಬೇಕೆಂದು ನೀರು ಹೇಳುತ್ತದೆ

ಸರೋವರದ ಸುತ್ತ ಈಗ ಬಿಳಿ ಪೈನ್, ಪಿಚ್ ಪೈನ್, ಓಕ್, ಹಿಕರಿ, ಕೆಂಪು ಮೇಪಲ್ ಮರಗಳ ಕಾಡಿದೆ. ಕೆಳಗೆ ಬ್ಲೂಬೆರಿಯ ಪೊದೆಗಳು. ಮರಳು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಸತ್ವವೂ ಕಡಿಮೆ. ಇಂಥ ಬಡ ನೆಲದಲ್ಲೂ ಬದುಕಬಲ್ಲ ಪಿಚ್ ಪೈನ್ ಮತ್ತು ಓಕ್ ಇಲ್ಲಿ ನೆಲೆಯೂರಿದ್ದು ಸಹಜ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಾನ್‌ಕರ್ಡ್‌ನ ನೆಲ ಬಹುಪಾಲು ಹೊಲ, ಹುಲ್ಲುಗಾವಲುಗಳಾಗಿತ್ತು. ಉಳಿದ ಕಾಡನ್ನು ಸೌದೆಗಾಗಿ ಮತ್ತೆ ಮತ್ತೆ ಕಡಿಯುತ್ತಿದ್ದರು. ವಾಲ್ಡನ್ ಸುತ್ತಲಿನ ಈ ಬಡ ಮರಳು ನೆಲ ಉಳುಮೆಗೆ ಒಗ್ಗದ್ದೇ ಅಲ್ಲಿ ಕಾಡು ಉಳಿಯಲು ಒಂದು ಕಾರಣ. 1938ರ ಚಂಡಮಾರುತ ಪೈನ್ ಮರಗಳನ್ನು ದೊಡ್ಡ ಪ್ರಮಾಣದಲ್ಲಿ ಉರುಳಿಸಿತು. ಈಗ ಕಾಣುವುದು ಅದರ ನಂತರ ಎದ್ದು ನಿಂತ ಕಾಡು.

ಆದರೆ ಈ ಕಾಡು ನೀರಿನವರೆಗೂ ಬರುವುದಿಲ್ಲ. ನಡುವೆ ಒಂದು ಬೋಳು ಪಟ್ಟಿ, ದುಂಡುಕಲ್ಲುಗಳನ್ನು ಜೋಡಿಸಿಟ್ಟಂತಿರುವ ಅಂಚು ಇದೆ. ಯಾರೋ ಕತ್ತರಿ ಹಿಡಿದು ಸವರಿದಂತೆ ಕಾಣುವ ಈ ಅಂಚೇ ನನಗೆ ವಾಲ್ಡನ್‌ನ ಅತ್ಯಂತ ಸೊಗಸಾದ ಲಕ್ಷಣ. ಅದು ರೂಪುಗೊಳ್ಳುವುದು ಹೀಗೆ: ನೀರು ಕೆಲವು ವರ್ಷ ಕೆಳಗಿದ್ದಾಗ ಬಯಲಾದ ದಡದಲ್ಲಿ ಪೈನ್, ಬರ್ಚ್, ಆಲ್ಡರ್ ಸಸಿಗಳು ಹುಟ್ಟಿ ಬೆಳೆಯುತ್ತವೆ. ಆಮೇಲೆ ನೀರು ಏರಿ ಒಂದೆರಡು ವರ್ಷ ಅವುಗಳ ಬೇರನ್ನು ಮುಳುಗಿಸಿಡುತ್ತದೆ. ಗಾಳಿ ಸಿಗದೆ ಬೇರು ಕೊಳೆತು ಗಿಡ ಸಾಯುತ್ತದೆ. ನೀರು ಇಳಿದಾಗ ದಡ ಮತ್ತೆ ಬೋಳಾಗಿರುತ್ತದೆ. ಹದಿನೈದು ಅಡಿ ಎತ್ತರದ ಪಿಚ್ ಪೈನ್‌ಗಳೂ ಹೀಗೆ ಸತ್ತದ್ದನ್ನು ಥೋರೊ ಕಂಡ. ಅವುಗಳ ಎತ್ತರದಿಂದ, ಹಿಂದಿನ ಸಲ ನೀರು ಅಷ್ಟು ಮೇಲೆ ಬಂದು ಎಷ್ಟು ವರ್ಷವಾಯಿತು ಎಂದು ಎಣಿಸಬಹುದೆಂದೂ ಆತ ತೋರಿಸಿಕೊಟ್ಟ. ನಿತ್ಯ ಒಂದೇ ಮಟ್ಟದಲ್ಲಿ ನಿಲ್ಲುವ ಕೊಳಗಳಲ್ಲಿ ಜೊಂಡು, ಪೊದೆ, ಮರ ಎಲ್ಲವೂ ನೀರಿನೊಳಕ್ಕೆ ಇಳಿದು ಬರುತ್ತವೆ, ದಡವೆಲ್ಲ ಕೆಸರಾಗುತ್ತದೆ. ಇಲ್ಲಿ ಮಟ್ಟ ಏರಿಳಿಯುತ್ತಿರುವುದರಿಂದಲೇ ದಡ ಸ್ವಚ್ಛವಾಗಿ ಉಳಿದಿದೆ.

ಹಂಡೆಯ ಪಕ್ಕೆಗಳು ಸಡಿಲ ಮರಳಿನವು, ಅವನ್ನು ಹಿಡಿದು ನಿಲ್ಲಿಸಿರುವುದು ಮರದ ಬೇರುಗಳು. 1957ರಲ್ಲಿ ಸ್ನಾನದ ಕಡಲತೀರದಂಥ ಜಾಗವನ್ನು ವಿಸ್ತರಿಸಲು ಒಂದು ಬದಿಯ ಮರಗಳನ್ನು ಕಡಿದು ದಿಬ್ಬವನ್ನು ಸಮಮಾಡಲು ಹೊರಟಾಗ ಊರಿನವರು ನ್ಯಾಯಾಲಯಕ್ಕೆ ಹೋದರು. ಈ ಜಾಗವನ್ನು 1922ರಲ್ಲಿ ಸಾರ್ವಜನಿಕರಿಗೆ ದಾನವಾಗಿ ಕೊಡುವಾಗ ಅದರ ಸಹಜ ಸ್ವರೂಪವನ್ನು ಉಳಿಸಬೇಕೆಂಬ ಷರತ್ತಿತ್ತು. 1960ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ಎತ್ತಿಹಿಡಿಯಿತು.

ನೀಲಿಯೂ ಹಸಿರೂ

ಒಂದೇ ದಿಬ್ಬದ ಮೇಲೆ ನಿಂತು ನೋಡಿದರೂ ವಾಲ್ಡನ್ ಒಂದು ಹೊತ್ತು ನೀಲಿ, ಇನ್ನೊಂದು ಹೊತ್ತು ಹಸಿರು. ಕೆನಡಾದ ಪರ್ವತ ಸರೋವರಗಳ ಹಾಲು ಬೆರೆಸಿದ ವೈಡೂರ್ಯದ ಬಣ್ಣ ಇದಲ್ಲ. ಅಲ್ಲಿ ಜೀವಂತ ಹಿಮನದಿ ಬಂಡೆಯನ್ನು ಹಿಟ್ಟಿನಂತೆ ಅರೆದು ನೀರಿಗೆ ಬಿಡುತ್ತದೆ. ತೇಲುವ ಆ ಕಲ್ಲುಹಿಟ್ಟು ಬೆಳಕನ್ನು ಚದುರಿಸುತ್ತದೆ. ವಾಲ್ಡನ್‌ಗೆ ಬರುವ ನೀರನ್ನು ಮರಳು ಸೋಸಿರುತ್ತದೆ, ತೇಲುವುದೇನೂ ಉಳಿದಿರುವುದಿಲ್ಲ. ಶುದ್ಧ ನೀರು ಕೆಂಪು ಬೆಳಕನ್ನು ಬೇಗ ನುಂಗುತ್ತದೆ, ನೀಲಿ ಆಳಕ್ಕೆ ಇಳಿದು ಹಿಂದಿರುಗುತ್ತದೆ. ಆಕಾಶದ ಪ್ರತಿಬಿಂಬವೂ ಅದಕ್ಕೆ ಸೇರುತ್ತದೆ. ದಡದ ಬಳಿ ತಳದ ಹಳದಿ ಮರಳಿನಿಂದ ಬಂದ ಬೆಳಕು ಆ ನೀಲಿಯೊಡನೆ ಬೆರೆತು ಹಸಿರಾಗುತ್ತದೆ. ಸುತ್ತಲಿನ ಎಲೆಗಳ ನೆರಳೇ ಆ ಹಸಿರಿಗೆ ಕಾರಣವೆಂದು ಹೇಳುವವರಿದ್ದಾರೆ. ಎಲೆ ಚಿಗುರುವ ಮೊದಲೂ, ಹಿಂದೆ ಮರಳಿನ ದಿಬ್ಬ ಮಾತ್ರವೇ ಇರುವ ಕಡೆಯೂ ಹಸಿರು ಕಾಣುವುದರಿಂದ ಆ ಮಾತು ಪೂರ್ತಿ ನಿಲ್ಲುವುದಿಲ್ಲ.

ಈ ತಿಳಿನೀರಿನ ಕೆಳಗೆ, ಈಜುವವರ ಕಣ್ಣಿಗೆ ಬೀಳದ ಆಳದಲ್ಲಿ ಒಂದು ಹುಲ್ಲುಗಾವಲಿದೆ. ಸುಮಾರು 6ರಿಂದ 13 ಮೀಟರ್ ಆಳದ ತಳದಲ್ಲಿ ನೈಟೆಲ್ಲಾ ಎಂಬ, ಗಿಡದಂತೆಯೇ ಕಾಣುವ ದೊಡ್ಡ ಪಾಚಿ ಹಾಸಿನಂತೆ ಹಬ್ಬಿದೆ. ಅಷ್ಟು ಕೆಳಗೆ ಇಳಿಯುವ ಬೆಳಕೇ ಅದರ ಆಹಾರಕ್ಕೆ ಆಧಾರ. ಅದು ನೀರಿನ ರಂಜಕ, ಸಾರಜನಕಗಳನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮೇಲೆ ತೇಲುವ ಸೂಕ್ಷ್ಮ ಪಾಚಿಗೆ ಸಾಕಷ್ಟು ಪೋಷಣೆ ಸಿಗುವುದಿಲ್ಲ. ನೀರು ತಿಳಿಯಾಗಿರುವುದರಿಂದ ನೈಟೆಲ್ಲಾ ಬದುಕುತ್ತದೆ, ನೈಟೆಲ್ಲಾ ಬದುಕಿರುವುದರಿಂದ ನೀರು ತಿಳಿಯಾಗಿರುತ್ತದೆ.

ಪದರಗಳು, ಮಂಜು, ಮದರಾಸು

ನೀರಿಗೆ ಒಂದು ವಿಚಿತ್ರ ಗುಣವಿದೆ. ಅದು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ಹಗುರವಾಗುತ್ತದೆ. ಬೇಸಿಗೆಯಲ್ಲಿ ವಾಲ್ಡನ್‌ನ ಮೇಲಿನ ಕೆಲವು ಮೀಟರ್ ನೀರು ಈಜಲು ಹಿತವಾಗುವಷ್ಟು ಬೆಚ್ಚಗಿರುತ್ತದೆ. ಅದರ ಕೆಳಗೆ ಉಷ್ಣತೆ ಥಟ್ಟನೆ ಇಳಿದು, ತಳದ ಬಳಿ ಮೈ ಕೊರೆಯುವ ಚಳಿಗಾಲದ ನೀರೇ ಉಳಿದಿರುತ್ತದೆ. ಬೆಚ್ಚನೆಯ ಹಗುರ ಪದರ ಮುಚ್ಚಳದಂತೆ ಕೂತಿರುವುದರಿಂದ ಮೇಲಿನ ಗಾಳಿ ಕೆಳಗಿನ ನೀರನ್ನು ಮುಟ್ಟುವುದಿಲ್ಲ. ಆಳವಾದ ಹೊಟ್ಟೆ, ಕಡಿದಾದ ದಿಬ್ಬಗಳಿಂದಾಗಿ ಗಾಳಿಗೆ ಸಿಗುವ ಚಿಕ್ಕ ಬಾಯಿ: ಹಂಡೆಯ ಆಕಾರ ಇಲ್ಲಿಯೂ ತನ್ನ ಕೆಲಸ ಮಾಡುತ್ತದೆ. ಶರತ್ಕಾಲದಲ್ಲಿ ಮೇಲ್ಪದರ ತಣಿದು ಭಾರವಾದಾಗ ಮುಚ್ಚಳ ಕಳಚಿ ಇಡೀ ಸರೋವರ ಒಮ್ಮೆ ಮಗುಚುತ್ತದೆ. ಮಂಜು ಒಡೆದ ವಸಂತದಲ್ಲಿ ಇನ್ನೊಮ್ಮೆ. ತಳದ ಜೀವಿಗಳಿಗೆ ಉಸಿರು ತಲುಪುವುದು ಮುಖ್ಯವಾಗಿ ವರ್ಷದಲ್ಲಿ ಈ ಎರಡು ಸಲ.

ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಲ್ಲಿ ವಾಲ್ಡನ್ ಹಿಂದೆ, ಒಡೆಯುವುದರಲ್ಲಿಯೂ ಹಿಂದೆ. ಆಳದಲ್ಲಿ ಸಂಗ್ರಹವಾದ ಬಿಸಿ ಕಳೆಯಲು ಹೊತ್ತು ಬೇಕು. ವಸಂತ ಬಂದಾಗ ಬೇರೆ ಕೊಳಗಳಲ್ಲಿ ಹರಿಯುವ ತೊರೆ ಮಂಜನ್ನು ಕೊರೆಯುತ್ತದೆ, ತೆಳುವಾದ ಜಾಗದಲ್ಲಿ ತಳಕ್ಕೆ ಬಿದ್ದ ಬಿಸಿಲು ನೀರನ್ನು ಕೆಳಗಿನಿಂದ ಕಾಯಿಸುತ್ತದೆ. ಇಲ್ಲಿ ತೊರೆಯೂ ಇಲ್ಲ, ತೆಳುವಾದ ಜಾಗವೂ ಕಡಿಮೆ. ಗಟ್ಟಿಯಾದ ಆ ಹಾಳೆ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಬಿರಿಯುವಾಗ ದೂರದ ಗುಡುಗಿನಂಥ ಸದ್ದು ಕಾಡನ್ನೆಲ್ಲ ತುಂಬುತ್ತದೆ.

ಆ ಮಂಜುಗಡ್ಡೆಗೂ ನಮಗೂ ಒಂದು ನಂಟಿದೆ. ಬಾಸ್ಟನ್‌ನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಕೊಳಗಳಿಂದ ಮಂಜುಗಡ್ಡೆ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹೂತು, ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಿದ್ದ. 1833ರಲ್ಲಿ ಮೊದಲ ಹಡಗು ಕಲ್ಕತ್ತೆ ತಲುಪಿತು. 1842ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಅದನ್ನು ಇಡಲು ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡಿದ್ದು ಅದೇ ಕಟ್ಟಡದಲ್ಲಿ. 1846-47ರ ಚಳಿಗಾಲದಲ್ಲಿ ನೂರು ಜನ ಕೆಲಸಗಾರರು ವಾಲ್ಡನ್‌ಗೂ ಬಂದು ಸಾವಿರಾರು ಟನ್ ಕೊಯ್ದು ದಡದಲ್ಲಿ ಗೋಪುರದಂತೆ ಒಟ್ಟಿ ಒಣಹುಲ್ಲು ಹೊದಿಸಿದರು. ವಾಲ್ಡನ್‌ನ ಮಂಜು ಭಾರತೀಯರ ಬಾಯಾರಿಕೆ ತಣಿಸಿತು ಎಂಬ ಮಾತು ಬಹಳ ಜನಪ್ರಿಯ. ನಿಜವಾಗಿ ಆ ರಾಶಿಯ ಬಹುಪಾಲು ಮಾರುಕಟ್ಟೆಗೆ ಹೋಗಲೇ ಇಲ್ಲ. ಹುಲ್ಲಿನಡಿ ಅದು ಎರಡು ಬೇಸಿಗೆ ಕಳೆದು, 1848ರ ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಕರಗಿ ಮರಳಿನ ಮೂಲಕ ಸರೋವರಕ್ಕೇ ಹಿಂದಿರುಗಿತು. ಈ ಸರೋವರದ ಹುಟ್ಟಿನ ಕಥೆಯನ್ನೇ ಆ ರಾಶಿ ಚಿಕ್ಕದಾಗಿ ಅಭಿನಯಿಸಿ ತೋರಿಸಿದಂತೆ ನನಗೆ ಕಾಣುತ್ತದೆ.

ಹಂಡೆಯೊಳಗೆ ಬಿದ್ದದ್ದು

ಥೋರೊ ಮಂಜು ಒಡೆದ ದಿನಗಳನ್ನೂ ಬರೆದಿಟ್ಟಿದ್ದ: 1845ರಲ್ಲಿ ಏಪ್ರಿಲ್ 1, 1846ರಲ್ಲಿ ಮಾರ್ಚ್ 25, 1847ರಲ್ಲಿ ಏಪ್ರಿಲ್ 8, 1852ರಲ್ಲಿ ಏಪ್ರಿಲ್ 18. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಇಂಥ ದಾಖಲೆಗಳನ್ನು ಈಗಿನವುಗಳೊಂದಿಗೆ ಹೋಲಿಸಿದ್ದಾರೆ. ಆಗ ಸರಾಸರಿ ಏಪ್ರಿಲ್ ಮೊದಲ ದಿನದ ಆಸುಪಾಸಿನಲ್ಲಿ ಒಡೆಯುತ್ತಿದ್ದ ಮಂಜು ಇತ್ತೀಚಿನ ದಶಕಗಳಲ್ಲಿ ಮಾರ್ಚ್ ನಡುವಿನಲ್ಲೇ ಒಡೆಯುತ್ತಿದೆ. ಎರಡು ವಾರ ಮೊದಲೇ ಬೇಸಿಗೆಯ ಮುಚ್ಚಳ ಕೂರಲು ದಾರಿಯಾಗುತ್ತದೆ, ತಳ ಉಸಿರಿಲ್ಲದೆ ಕಳೆಯಬೇಕಾದ ಕಾಲ ಅಷ್ಟು ಉದ್ದವಾಗುತ್ತದೆ.

ಇನ್ನೊಂದು ತೊಂದರೆ ಜನರಿಂದ. ವರ್ಷಕ್ಕೆ ಲಕ್ಷಾಂತರ ಮಂದಿ ಇಲ್ಲಿಗೆ ಬರುತ್ತಾರೆ, ಬೇಸಿಗೆಯಲ್ಲಿ ಈಜುತ್ತಾರೆ. 2001ರ ಅದೇ ವರದಿ ಸರೋವರಕ್ಕೆ ಸೇರುವ ಸಾರಜನಕದ ಮೂಲಗಳನ್ನೂ ಲೆಕ್ಕ ಹಾಕಿತ್ತು. ಸುಮಾರು ನೂರಕ್ಕೆ 30 ಪಾಲು ಶೌಚಾಲಯಗಳ ಸೆಪ್ಟಿಕ್ ವ್ಯವಸ್ಥೆಯಿಂದ ಮರಳಿನ ಮೂಲಕ ಜಿನುಗಿ ಬರುತ್ತಿತ್ತು. ಈಜುವವರಿಂದ, ನೇರವಾಗಿ ಹೇಳುವುದಾದರೆ ಅವರ ಮೂತ್ರದಿಂದ, 34 ಪಾಲಿನಷ್ಟು ಬರುತ್ತಿರಬಹುದೆಂದು ಅಂದಾಜಿಸಲಾಯಿತು. ಹೊಳೆಯಲ್ಲಾಗಿದ್ದರೆ ಇದು ಒಂದೇ ದಿನದಲ್ಲಿ ಕೆಳಗೆ ಹೋಗಿಬಿಡುತ್ತಿತ್ತು. ಇಲ್ಲಿ ನೀರೇ ಐದು ವರ್ಷ ನಿಲ್ಲುತ್ತದೆ. ರಂಜಕದಂಥ ಪೋಷಕ ತಳದ ಕೆಸರು ಸೇರಿದರೆ ಅದಕ್ಕಿಂತ ಹೆಚ್ಚು ಕಾಲ. ಮರಳು ಒಳ್ಳೆಯ ಸೋಸುಬಟ್ಟೆ ಹೌದು, ಆದರೆ ಕರಗಿದ ಸಾರಜನಕವನ್ನು ಅದು ತಡೆಯಲಾರದು.

ತಳದ ಕೆಸರು ಮತ್ತೊಂದು ಸಾಕ್ಷಿ ಹೇಳಿದೆ. ಪೈನ್ ಮರಗಳ ಹಳದಿ ಪರಾಗ, ಎಲೆಯ ಚೂರು, ಡಯಾಟಮ್ ಎಂಬ ಗಾಜಿನ ಚಿಪ್ಪಿನ ಸೂಕ್ಷ್ಮಜೀವಿಗಳು ವರ್ಷವರ್ಷವೂ ಪದರವಾಗಿ ಅಲ್ಲಿ ಬೀಳುತ್ತವೆ. ಕರ್ಟ್ ಸ್ಟೇಜರ್ ಮತ್ತು ಸಂಗಡಿಗರು ಕೊಳವೆ ಇಳಿಸಿ ಆ ಕೆಸರನ್ನು ಮೇಲೆತ್ತಿ 1,800 ವರ್ಷಗಳಷ್ಟು ಹಿಂದಿನವರೆಗೆ ಓದಿ 2018ರಲ್ಲಿ ಪ್ರಕಟಿಸಿದರು. ಶತಮಾನಗಳ ಕಾಲ ಹೆಚ್ಚು ಬದಲಾಗದಿದ್ದ ಡಯಾಟಮ್‌ಗಳ ಬಳಗ, ಈಜಲು ಬರುವ ಜನ ಹೆಚ್ಚಾದ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬದಲಾಗತೊಡಗಿತ್ತು. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಬೆಳೆಯುವ ಜಾತಿಗಳು ಮೇಲುಗೈ ಪಡೆದಿದ್ದವು.

ಸದ್ಯಕ್ಕೆ ನೀರು ತಿಳಿಯಾಗಿಯೇ ಇದೆ, ಮೇಲೆ ಬಿದ್ದ ಹೊರೆಯ ಒಂದು ಭಾಗವನ್ನು ನೈಟೆಲ್ಲಾ ಹೊತ್ತಿದೆ. ತೇಲುವ ಪಾಚಿ ಹೆಚ್ಚಾದರೆ ಬೆಳಕು ಕೆಳಗಿಳಿಯುವುದು ಕಡಿಮೆಯಾಗುತ್ತದೆ. ಬೆಳಕು ಸಾಲದ ಕಡೆ ನೈಟೆಲ್ಲಾ ಸಾಯುತ್ತದೆ. ಅದು ಹಿಡಿದಿಟ್ಟಿದ್ದೆಲ್ಲ ನೀರಿಗೆ ಬಂದು ಪಾಚಿ ಇನ್ನಷ್ಟು ಬೆಳೆಯುತ್ತದೆ. ಹಾಗಾಗಿ ವಿಜ್ಞಾನಿಗಳು ದೋಣಿಯಲ್ಲಿ ನಡುನೀರಿಗೆ ಹೋಗಿ, ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಅದು ಕಣ್ಣಿಗೆ ಕಾಣದಾಗುವ ಆಳವನ್ನು ಹಗ್ಗದ ಗುರುತಿನಿಂದ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.